ಸುತ್ತಿಗೆ ಸುತ್ತು

"ಹಣೆ ಜಾಸ್ತಿಯಾಯ್ತು," ಎಂದ ಸಲೂನಿನವನು.

ಆಚೆಯವರಿಗೆ ಕಾಣದಂತೆ ಗಾಜಿನ ಈಚೆಯ ಕತ್ತಲಲ್ಲಿ ಕೂತು ಕೇಳುತ್ತಿದ್ದವನ ಕೈ ತಾನಾಗಿ ಹಣೆಗೆ ಹೋಯಿತು. ಎಡ ಹುಬ್ಬಿನ ಮೇಲೆ ಬೆಳಿಗ್ಗೆ ಎದ್ದ ಬುಗುಟು ಇನ್ನೂ ಇಳಿದಿರಲಿಲ್ಲ. ಮುಟ್ಟಿದರೆ ಚುಳ್ ಎಂದಿತು. ಮಾತು ತನ್ನ ಹಣೆಯದಲ್ಲ, ಆಚೆ ಮೇಜಿನ ಮೇಲಿರುವ ಕಂಪ್ಯೂಟರಿನದು ಎಂದು ಹೊಳೆದು ಕೈ ಇಳಿಸಿದ.

"ಇಂಥಾ ಹಣೆಯವರು ಕುರ್ಚಿ ಮೇಲೆ ಕೂತ್ರೆ ನಾನು ಮುಂದ್ಗಡೆ ಒಂದಿಷ್ಟು ಕೂದಲು ಇಳಿಬಿಟ್ಟು ಮುಚ್ಚಿಬಿಡ್ತೀನಿ," ಸಲೂನಿನವನು ಮುಂದುವರಿಸಿದ. "ಇದಕ್ಕೇನು ಇಳಿಬಿಡ್ತೀರಿ? ಪರದೆಯಾ?"

ಆಚೆ ನಾಲ್ವರು ನಕ್ಕರು. ಈಚೆ ಇಬ್ಬರು ನಕ್ಕರು. ಅವನೂ ನಕ್ಕ. ಕತ್ತಲಲ್ಲಿ ನಗದೆ ಕೂತವನು ಬೇಗ ಕಣ್ಣಿಗೆ ಬೀಳುತ್ತಾನೆ.

ಆ ಹಣೆಗೆ ಅವನು ಮೂರು ವರ್ಷ ಸುರಿದಿದ್ದ. ಬೂದು ಬಣ್ಣದ ಒಂದೇ ಅಲ್ಯುಮಿನಿಯಂ ಹಾಳೆ, ಒಂದೇ ಮಡಿಕೆ, ಹೊರಗೆ ಒಂದು ಸ್ಕ್ರೂ ಕೂಡ ಕಾಣದ ಮೈ. ಮೇಲಿನ ಅಂಚು ತುಸು ಮುಂದಕ್ಕೆ ಬಾಗಿತ್ತು, ಯಾರೋ ತಲೆ ತಗ್ಗಿಸಿ ಓದುತ್ತ ಕೂತ ಹಾಗೆ. ಬಾಗು ಎಂಟು ಡಿಗ್ರಿ. ಏಳಿದ್ದಾಗ ಸೊಕ್ಕಿನಂತೆ ಕಂಡಿತ್ತು, ಒಂಬತ್ತಾದಾಗ ಸೋಲಿನಂತೆ. ಒಳಗೆ ಎಷ್ಟು ವೇಗ, ಎಷ್ಟು ಸಾಮರ್ಥ್ಯ ಎನ್ನುವುದು ಬೇರೆಯವರ ತಲೆನೋವು. ಕಂಪನಿಯಲ್ಲಿ ಅವನು ಮುಖ ಮಾಡುವವನು. ಹೊತ್ತು ತರಲು ಇಬ್ಬರು ಬೇಕಾಗುವ, ಕೊಳ್ಳಲು ಧೈರ್ಯ ಬೇಕಾಗುವ ಕಂಪ್ಯೂಟರುಗಳಿಗೆ ಮುಖ.

ಇದಕ್ಕೆ ಮೊದಲಿನ ಎರಡು ಮುಖಗಳು ಇದೇ ಕೋಣೆಯಲ್ಲಿ ಮುಖಭಂಗ ಅನುಭವಿಸಿದ್ದವು. ಮೂರನೆಯದೂ ಬಿದ್ದರೆ ಅವನನ್ನು ಪೆಟ್ಟಿಗೆ ವಿಭಾಗಕ್ಕೆ ಹಾಕುವುದಾಗಿ ಕಂಪನಿಯ ದೊಡ್ಡವರು ಹೇಳಿಯಾಗಿತ್ತು. ರಟ್ಟಿನ ಪೆಟ್ಟಿಗೆಯ ಮೇಲೆ ಬಾಣ ಬರೆದು 'ಈ ಕಡೆ ಮೇಲೆ' ಎಂದು ತೋರಿಸುವ ಕೆಲಸ. ಜಗತ್ತಿಗೆಲ್ಲ ಮೇಲು ಯಾವುದೆಂದು ತಿಳಿಸಿ ತಾನು ನೆಲಮಾಳಿಗೆಯಲ್ಲಿ ಕೂರುವುದು. ಕೊಳ್ಳುವವರ ಪರವಾಗಿ ಕರೆಸಿದ ಆಚೆಯ ಐವರಿಂದ ಹತ್ತಕ್ಕೆ ಆರು ಅಂಕ ಬಂದರೆ ಅವನು ಉಳಿಯುತ್ತಾನೆ. ಬರದಿದ್ದರೆ ಪಕ್ಕದ ಮೇಜಿನವನ ಕರಿ ಡಬ್ಬ ಗೆಲ್ಲುತ್ತದೆ. ಅದರ ಮೈತುಂಬ ಮಿಣುಕುವ ಬಣ್ಣದ ದೀಪಗಳು. ಅದಕ್ಕೆ ಇವನು ಇಟ್ಟ ಹೆಸರು ಡಿಸ್ಕೋ.

"ಗಿಣಿ, ಆ ಸಲೂನಿನವನನ್ನ ಮಾಡಿ ನೋಡೋಣ," ಎಂದರು ಪಕ್ಕದಲ್ಲಿ ಕೂತಿದ್ದ ದೊಡ್ಡವರು.

ಅವನು ಮಾಡಿದ. ಮೂಗಿನಿಂದ ಹೊರಟು ಗಂಟಲಲ್ಲಿ ಕತ್ತರಿಯಾಡಿಸಿ ಬರುವ ಧ್ವನಿ. "ಇದಕ್ಕೇನು ಇಳಿಬಿಡ್ತೀರಿ? ಪರದೆಯಾ?" ದೊಡ್ಡವರು ತೊಡೆ ತಟ್ಟಿಕೊಂಡರು. ಮಾರಾಟದ ಮೇಡಂ ಕಣ್ಣೊರೆಸಿಕೊಂಡರು.

ಮುಖ ಮಾಡಿದವರು ಗಾಜಿನ ಹಿಂದೆ ಕೂರಬಾರದೆಂಬ ನಿಯಮವಿತ್ತು. ಎದುರಿಗೆ ತಮ್ಮದನ್ನು ಜನ ಹಳಿಯುವಾಗ ಒಬ್ಬಿಬ್ಬರು ಹಿಂದೆ ರಂಪ ಮಾಡಿದ್ದರಂತೆ. ಅವನಿಗೆ ಮಾತ್ರ ರಿಯಾಯಿತಿ. ಕೇಳಿದ ಧ್ವನಿಯನ್ನು ಹಾಗೇ ಹೊರಗೆ ಹಾಕುವ ಅವನ ಗಂಟಲಿಗೆ ಕೊಟ್ಟ ಕುರ್ಚಿ ಅದು. ಗಿಣಿ ಎಂಬ ಹೆಸರೂ ಆ ಗಂಟಲಿಗೇ ಬಂದದ್ದು.

"ಹುಬ್ಬಿಗೇನಾಯ್ತು?" ಮೇಡಂ ಕೇಳಿದರು.

"ಬಾಗಿಲು."

"ಬಾಗಿಲಿಗೇನಾಯ್ತು?"

"ಅದು ಆರಾಮಾಗಿದೆ."

ಬಾಗಿಲಲ್ಲ, ಬಾಚಣಿಗೆ. ಬೆಳಿಗ್ಗೆ ಹೆಂಡತಿ ಕನ್ನಡಿಯಿಂದ ತಿರುಗಿ "ಹೇಗಿದೆ?" ಎಂದು ಕೇಳಿದ್ದಳು. ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದಳು. ಯಾವಾಗ ಎಂದು ಅವನಿಗೆ ತಿಳಿಯಲಿಲ್ಲ. ನಿನ್ನೆಯೋ, ಮೊನ್ನೆಯೋ. ಅತ್ತೆಯ ಧ್ವನಿ ತೆಗೆದು, "ಅಯ್ಯೋ ಮಗಳೇ, ಮಿಕ್ಕಿದ್ದನ್ನ ಯಾವ ಬಸ್ಸಲ್ಲಿ ಬಿಟ್ಟುಬಂದ್ಯೇ?" ಎಂದ.

ಅವಳು ನಗಲಿಲ್ಲ. "ನಾನು ಅಮ್ಮನ್ನ ಕೇಳಲಿಲ್ಲ. ನಿಮ್ಮನ್ನ ಕೇಳಿದೆ."

"ಚೆನ್ನಾಗಿದೆ," ಎಂದ. ಅದು ವಾರ್ತೆ ಓದುವವನ ಧ್ವನಿಯಲ್ಲಿ ಬಂತು. ಬೇಕೆಂದು ಮಾಡಿದ್ದಲ್ಲ. ಇನ್ನೊಮ್ಮೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮರದ ಬಾಚಣಿಗೆ ಬಂದು ಹುಬ್ಬಿಗೆ ತಗುಲಿತು. ಗುರಿ ಚೆನ್ನಾಗಿತ್ತು. ಅದನ್ನಾದರೂ ಹೇಳಬಹುದಿತ್ತು ಎಂದು ಬಸ್ಸಿನಲ್ಲಿ ಹೊಳೆಯಿತು.

ಆಚೆ ಕೋಣೆಯಲ್ಲಿ ಮಾತಾಡಿಸುವ ಹುಡುಗಿ ವಕೀಲರ ಕಡೆ ತಿರುಗಿದ್ದಳು. ಜನರ ಬಾಯಿ ಬಿಡಿಸುವುದು ಅವಳ ಕೆಲಸ. ಅದಕ್ಕಾಗಿ ಸದಾ ತಲೆಯಾಡಿಸುತ್ತಿದ್ದಳು.

"ಎದುರು ಪಾರ್ಟಿ ವಕೀಲನ ಥರ ಇದೆ," ಎಂದರು ವಕೀಲರು. "ಏನೂ ಹೇಳಲ್ಲ. ಎಲ್ಲಾ ಗೊತ್ತಿರೋ ಹಾಗೆ ಕೂತಿದೆ. ನನಗೆ ಆಫೀಸಲ್ಲಿ ಇಂಥದ್ದು ಎದುರಿಗಿದ್ರೆ ಕೆಲಸ ಆಗಲ್ಲ."

"ಆನ್ ಆಗಿದ್ಯಾ ಇದು?" ಗೇಮ್ ಆಡುವ ಹುಡುಗಿ ಬಗ್ಗಿ ನೋಡಿದಳು.

"ಆಗಿದೆ," ಎಂದಳು ಮಾತಾಡಿಸುವವಳು.

"ಮತ್ತೆ ಲೈಟು?"

"ಲೈಟ್ ಇಲ್ಲ."

"ಸತ್ತೋದ್ರೆ ಹೇಗ್ರೀ ಗೊತ್ತಾಗುತ್ತೆ?"

ನಿವೃತ್ತ ನರ್ಸು ಕನ್ನಡಕ ಏರಿಸಿದರು. ಹಳೆಯ ಫೋಟೋಗಳಲ್ಲಿ ಅಳಿಸಿಹೋದ ಕಣ್ಣು ಮೂಗುಗಳನ್ನು ಕಂಪ್ಯೂಟರಿನಲ್ಲಿ ತಿದ್ದಿಕೊಡುವುದು ಈಗ ಅವರ ಕಸುಬು. "ಆಪರೇಷನ್ ಥಿಯೇಟರಲ್ಲಿ ಸಾಮಾನು ಬೇಯಿಸೋ ಡಬ್ಬ ಹೀಗೇ ಇತ್ತು. ನೋಡೋಕೆ ಶಾಂತ. ಮುಚ್ಚಳ ತೆಗೆದ್ರೆ ಬರೀ ಕತ್ತರಿ."

ಕತ್ತಲಲ್ಲಿ ಅವನು ವಕೀಲರ ಕನ್ನಡಕವನ್ನು ಹಿಮ್ಮಡಿಯಡಿ ಹಾಕಿ ತಿರುಚಿದ. ಸಲೂನಿನವನ ತಲೆಯನ್ನು ಕುರ್ಚಿಯ ಹಿಡಿಗೆ ನಿಧಾನವಾಗಿ, ಎಣಿಸಿಕೊಂಡು, ಮೂರು ಸಲ ಜಜ್ಜಿದ. ಗೇಮಿನ ಹುಡುಗಿಯ ಬಾಯಿಗೆ ಡಿಸ್ಕೋದ ದೀಪಗಳನ್ನು ಒಂದೊಂದಾಗಿ ತುರುಕಿದ. ಕೈಗಳು ಮಾತ್ರ ಮಡಿಲಲ್ಲಿ ಒಂದರ ಮೇಲೊಂದು ಸಭ್ಯವಾಗಿ ಕೂತಿದ್ದವು.

ಕೊನೆಯವನು ವಿಡಿಯೋ ಎಡಿಟರು. ಎದ್ದು ಹೋಗಿ, ಬಾಗಿದ ಅಂಚಿನ ಮೇಲೆ ಅಂಗೈಯನ್ನು ಈ ತುದಿಯಿಂದ ಆ ತುದಿಗೆ ಎಳೆದ. ಮತ್ತೆ ಒಮ್ಮೆ ಎಳೆದ.

"ಇಲ್ಲಿ ಯಾರೋ ತುಂಬಾ ಹೊತ್ತು ಕೂತಿದಾರೆ," ಎಂದ.

ಗಾಜಿನ ಈಚೆ ಅವನು ಕುರ್ಚಿಯ ತುದಿಗೆ ಸರಿದ. ಮೂರು ವರ್ಷದಲ್ಲಿ ಯಾರೂ ಆ ಅಂಚನ್ನು ಹಾಗೆ ಮುಟ್ಟಿರಲಿಲ್ಲ. ಅವನ ಮೈಯನ್ನೂ ಮುಟ್ಟಿರಲಿಲ್ಲ, ಬಾಚಣಿಗೆಯನ್ನು ಬಿಟ್ಟರೆ.

"ಗಿಣಿ, ಇವನನ್ನ ಮಾಡಿ."

"ಇವನ ಧ್ವನಿ ಬರಲ್ಲ ಸಾರ್."

ಅಂಕ ಬರೆದರು. ನಾಲ್ಕು, ಐದು, ಎರಡು, ನಾಲ್ಕು. ಎಡಿಟರು ಏಳು. ಸರಾಸರಿ ನಾಲ್ಕು ಪಾಯಿಂಟ್ ನಾಲ್ಕು. ಮೇಡಂ ಅದನ್ನು ಬರೆದುಕೊಂಡು ಅಡಿಗೆರೆ ಎಳೆದರು. ಶವದ ಮೇಲೆ ಬಟ್ಟೆ ಎಳೆಯುವಷ್ಟು ಮೃದುವಾಗಿ.

ಉಳಿದದ್ದು ಸುತ್ತಿಗೆ ಸುತ್ತು.

ಇದು ದೊಡ್ಡವರು ತಂದ ಪದ್ಧತಿ. ಜನ ಬಾಯಲ್ಲಿ ಮರ್ಯಾದೆ ಮಾಡುತ್ತಾರೆ, ಕೈಗೆ ಸುತ್ತಿಗೆ ಕೊಟ್ಟರೆ ನಿಜ ಮಾಡುತ್ತಾರೆ ಎನ್ನುವುದು ಅವರ ಸಿದ್ಧಾಂತ. ಒಬ್ಬೊಬ್ಬರೂ ತಮಗೆ ಹಿಡಿಸದ ಜಾಗಕ್ಕೆ ಒಂದು ಏಟು ಹಾಕಬೇಕು. ಆಮೇಲೆ ಸಿಟ್ಟಿಳಿದ ಮನಸ್ಸಿನಿಂದ ಇನ್ನೊಮ್ಮೆ ಅಂಕ ಕೊಡಬೇಕು. ಎರಡರ ಸರಾಸರಿಯೇ ತೀರ್ಪು. ಸಾಮಾನ್ಯವಾಗಿ ಎರಡನೆಯ ಸಲ ಅರ್ಧ ಅಂಕ ಏರುತ್ತಿತ್ತು. ಹೊಡೆದವರಿಗೆ ಅಷ್ಟು ಪಶ್ಚಾತ್ತಾಪ ಇರುತ್ತದೆ.

ಹೊಡೆಯುವುದು ನಿಜವಾದ ಯಂತ್ರಕ್ಕಲ್ಲ. ಅದರದೇ ಮೈ ಹೊದ್ದ, ಹೊಟ್ಟೆಗೆ ಸಿಮೆಂಟು ತುಂಬಿದ ಡಮ್ಮಿಗೆ. ಮಾದರಿಗಳನ್ನು ಮಾಡುವ ಅಚ್ಚಣ್ಣ ಅದನ್ನು ತಯಾರಿಸಿದ್ದ. ಎರಡೂ ತೂಕದಲ್ಲಿ ಕೂಡ ಒಂದೇ ಇರಬೇಕೆಂದು ಪಟ್ಟು ಹಿಡಿದವನು ಅವನೇ. ಹತ್ತೊಂಬತ್ತು ಕಿಲೋ, ಒಂದು ಗ್ರಾಮೂ ಅತ್ತಿತ್ತ ಇಲ್ಲ.

ಅಚ್ಚಣ್ಣ ಮೇಜಿನ ಮೇಲಿದ್ದ ಯಂತ್ರದ ವೈರು ಕಳಚಿ ಹಿಂದಿನ ಕೋಣೆಗೆ ತಳ್ಳಿಕೊಂಡು ಹೋದ. ಅದನ್ನು ಡಮ್ಮಿಯ ಪಕ್ಕ ನಿಲ್ಲಿಸಿ, ಕನ್ನಡಕಗಳನ್ನು ಹುಡುಕಿ, ಸ್ವಲ್ಪ ಹೊತ್ತಿಗೆ ಅದರಂಥದೇ ಒಂದನ್ನು ತಳ್ಳಿಕೊಂಡು ಬಂದ. ಎಲ್ಲರಿಗೂ ಕಣ್ಣು ಕಾಯುವ ಪ್ಲಾಸ್ಟಿಕ್ ಕನ್ನಡಕ ಹಂಚಿ, ಬಾಗಿಲೆಳೆದುಕೊಂಡು ಹೊರಗೆ ಹೋದ.

ಮೊದಲು ಗೇಮಿನ ಹುಡುಗಿ. ಸುತ್ತಿಗೆಯನ್ನು ಎರಡು ಕೈಯಲ್ಲಿ ಹಿಡಿದು ನಗುತ್ತ ಬೀಸಿದಳು.

ಸಿಮೆಂಟು ತುಂಬಿದ ಹೊಟ್ಟೆ ಧಬ್ ಎನ್ನಬೇಕು. ಇದು ಘಣ್ ಎಂದಿತು. ಹಿಂದೆಯೇ ಒಳಗೆಲ್ಲೋ ಸಣ್ಣದೊಂದು ತಗಡು ಬಹಳ ಹೊತ್ತು ನರಳಿತು.

ಅವನ ಕಿವಿ ತಪ್ಪುವುದಿಲ್ಲ. ಇದು ನಿಜವಾದ ಯಂತ್ರವೇ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನು ಹಿಂದಿನ ಕೋಣೆಗೆ ಹೋಗಿದ್ದ. ಎರಡೂ ಅಕ್ಕಪಕ್ಕ ನಿಂತಿದ್ದವು. ಗುರುತಿಗೆಂದು ಅಚ್ಚಣ್ಣ ಡಮ್ಮಿಯ ಅಡಿಗೆ ನೀಲಿ ಟೇಪು ಅಂಟಿಸಿದ್ದ. ಅದರ ಒಂದು ಚೂರು ಹೊರಗಿಣುಕುತ್ತಿತ್ತು. ತಳದ ಕೆಳಗೆ ಬೀಳುವ ನೆರಳಿನ ಗೆರೆ, ಅವನು ತಿಂಗಳುಗಟ್ಟಲೆ ತೀಡಿದ ಗೆರೆ, ಆ ಚೂರಿನ ಬಳಿ ಮುರಿದಿತ್ತು. ಬಗ್ಗಿ ಟೇಪು ಕಿತ್ತು, ಉಂಡೆ ಮಾಡಿ ಜೇಬಿಗೆ ಹಾಕಿಕೊಂಡಿದ್ದ. ಅಂದಗೆಟ್ಟದ್ದನ್ನು ಕಂಡರೆ ಕೈ ಕೇಳುವುದಿಲ್ಲ. ಈಗ ಕೈ ಜೇಬಿಗೆ ಹೋಯಿತು. ಉಂಡೆ ಅಲ್ಲೇ ಇತ್ತು.

"ನಿಲ್ಸಿ. ಅದು ಡಮ್ಮಿ ಅಲ್ಲ," ಎಂದ.

ಹೊರಬಂದದ್ದು ಅಚ್ಚಣ್ಣನ ಧ್ವನಿ. ಗಾಬರಿಯಾದಾಗ ಪದಗಳ ಕೊನೆ ನುಂಗುವ, ತುಸು ಗೊಗ್ಗರು ಧ್ವನಿ.

ದೊಡ್ಡವರು ಕೆಮ್ಮುವಷ್ಟು ನಕ್ಕರು. "ಅಚ್ಚಣ್ಣ! ಥೇಟ್ ಅಚ್ಚಣ್ಣ!"

"ಸಾರ್, ನಿಜವಾಗ್ಲೂ. ನಿಲ್ಸಿ ಅಂದ್ರೆ ನಿಲ್ಸಿ." ಈ ಸಲ ಬಂದದ್ದು ದೊಡ್ಡವರದೇ ಧ್ವನಿ. ಕೋಣೆ ಒಂದು ಕ್ಷಣ ತಣ್ಣಗಾಯಿತು. ಮೇಡಂ ದೊಡ್ಡವರ ಮುಖ ನೋಡಿದರು. ದೊಡ್ಡವರು ನಗಲು ತೀರ್ಮಾನಿಸಿದರು. ಆಮೇಲೆ ಮೇಡಂ ನಕ್ಕರು.

ಎದುರಿಗೆ ಒಂದು ಗುಂಡಿಯಿತ್ತು. ಒತ್ತಿದರೆ ಈಚೆಯ ಮಾತು ಆಚೆಗೆ ಕೇಳುತ್ತದೆ. ಅವನ ಬೆರಳು ಅದರ ಮೇಲೆ ಹೋಗಿ ಕೂತಿತು.

ವಕೀಲರು ಕೋಟು ಕಳಚಿ, ಮಡಚಿ, ಕುರ್ಚಿಗೆ ಹಾಕಿ, ಅಷ್ಟೇ ಶಿಸ್ತಾಗಿ ಮುಖದ ನಟ್ಟನಡುವೆ ಹೊಡೆದರು. ತಗಡು ಒಳಕ್ಕೆ ಹೋಯಿತು. ಸಲೂನಿನವನು ಗಿರಾಕಿಯ ತಲೆ ತಿರುಗಿಸುವಂತೆ ಯಂತ್ರವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ, ಹಣೆಗೆ ಇಳಿಸಿದ. ಎಂಟು ಡಿಗ್ರಿ ಹೋಯಿತು.

ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದರೆ ಟೇಪಿನ ಕತೆ ಹೇಳಬೇಕು. ಅದಕ್ಕಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಎಡಿಟರು ಎಲ್ಲಿ ಹೊಡೆಯುತ್ತಾನೆಂದು ನೋಡಬೇಕಿತ್ತು. ಅಷ್ಟೇ. ಆ ಒಬ್ಬ ಎಲ್ಲಿ ಹೊಡೆಯುತ್ತಾನೆ.

ನರ್ಸು ಎದ್ದರು. ಸೆರಗು ಸಿಕ್ಕಿಸಿಕೊಂಡರು. ಬಲಗೆನ್ನೆಯಂಥ ಜಾಗಕ್ಕೆ ಒಂದು ಹಾಕಿದರು. ಕೋಣೆ ನಡುಗಿತು.

"ಇದು ನಿನಗೆ," ಎಂದರು, ಬಹಳ ಮೆಲ್ಲಗೆ. ಎತ್ತಿ ಅದೇ ಜಾಗಕ್ಕೆ ಇನ್ನೊಂದು. "ಇದು ನಿಮ್ಮಮ್ಮನಿಗೆ."

"ಮೇಡಂ, ಒಬ್ಬರಿಗೆ ಒಂದೇ ಏಟು," ಮಾತಾಡಿಸುವ ಹುಡುಗಿ ತಲೆಯಾಡಿಸುವುದನ್ನು ನಿಲ್ಲಿಸಿದ್ದಳು.

"ಒಂದೇ ಕಣಮ್ಮ. ಇನ್ನೂ ಮುಗಿದಿಲ್ಲ."

ಮೂರನೆಯದೂ ಬಿತ್ತು. ನೋವಾಗುತ್ತದೆಂದು ಅವನು ಈಚೆ ಕಾದು ನೋಡಿದ. ಆಗಲಿಲ್ಲ. ಬಾಯಲ್ಲಿ ನೀರೂರಿತ್ತು. ಇನ್ನೊಂದು ಹಾಕಲಿ ಎಂದು ತುಟಿ ತಾನಾಗಿ ಅಲುಗಿತು. ನರ್ಸು ಸುತ್ತಿಗೆ ಇಟ್ಟು, ಮುಖ ಒರೆಸಿಕೊಂಡು, ಯಾರೂ ಏನೂ ಕೇಳದಂತೆ ಕೂತರು.

ಎಡಿಟರು ಸುತ್ತಿಗೆ ತೆಗೆದುಕೊಂಡು ನಿಂತ. ಎಡಗೈಯಿಂದ ಆ ಅಂಚನ್ನು ಇನ್ನೊಮ್ಮೆ ತಡವಿದ. ಅಂಗೈ ಒಂದು ಕಡೆ ನಿಂತಿತು. ಅಂಚಿನ ಅತಿ ನಯವಾದ ಭಾಗ, ಹದಿನಾರು ಸಲ ಕೆಡಿಸಿ ಹದಿನೇಳನೆಯ ಸಲ ಬಂದ ಭಾಗ. ಕೈ ತೆಗೆದ. ಸರಿಯಾಗಿ ಅಲ್ಲಿಗೇ ಹೊಡೆದ.

"ಯಾಕೆ ಅಲ್ಲಿ?" ಮಾತಾಡಿಸುವ ಹುಡುಗಿ ಕೇಳಿದಳು.

"ಮಿಕ್ಕಿದ್ದೆಲ್ಲಾ ಹಾಳಾಗಿತ್ತು. ಇದೊಂದು ಚೆನ್ನಾಗಿತ್ತು. ಎದ್ದು ಕಾಣ್ತಿತ್ತು."

ಗಾಜಿನ ಈಚೆ ಅವನು ಗುಂಡಿಯಿಂದ ಬೆರಳು ತೆಗೆದ.

ಎರಡನೆಯ ಅಂಕ ಕೊಡುವಾಗ ಅವರೆಲ್ಲ ಕುರ್ಚಿಗಳನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಿದ್ದರು. ಹೊಸ ಪರಿಚಯದವರಂತಿರಲಿಲ್ಲ, ಒಂದೇ ಮನೆಯವರಂತಿದ್ದರು. ಗೇಮಿನ ಹುಡುಗಿ ತನ್ನ ಕುಳಿಯೊಳಗೆ ಹೆಬ್ಬೆರಳಿಟ್ಟು, "ಇದು ನಂದು," ಎಂದಳು.

"ಈಗ ಮಾತಾಡ್ತಿದೆ," ಎಂದರು ವಕೀಲರು.

"ಈಗ ಹಣೆ ಸರಿಹೋಯ್ತು," ಎಂದ ಸಲೂನಿನವನು.

"ಮನೇಲಿ ಇಟ್ಕೋಬಹುದು," ಎಂದರು ನರ್ಸು. "ಪಾಪ ಅನ್ಸುತ್ತೆ."

ಒಂಬತ್ತು, ಒಂಬತ್ತು, ಎಂಟು, ಎಂಟು, ಎಂಟು. ಮೇಡಂ ಎರಡು ಸಲ ಲೆಕ್ಕ ಮಾಡಿದರು. ಎಂಟು ಪಾಯಿಂಟ್ ನಾಲ್ಕು. ಎರಡೂ ಸೇರಿಸಿ ಭಾಗಿಸಿದರೆ ಆರು ಪಾಯಿಂಟ್ ನಾಲ್ಕು.

"ಗಿಣಿ, ಪಾಸು," ಎಂದರು ದೊಡ್ಡವರು. ಅವರ ಧ್ವನಿಯಲ್ಲಿ ನಿಜವಾದ ಬೆರಗಿತ್ತು. "ಮೂರನೇ ಸಲಕ್ಕೆ ಪಾಸಾದ್ರಿ."

ಬಂದವರು ಚೀಲ ಹೆಗಲಿಗೇರಿಸಿ ಹೋದರು. ಈಚೆಯವರು ಆಚೆಗೆ ಬಂದರು. ಅಚ್ಚಣ್ಣ ಗಾಡಿ ತಳ್ಳಿಕೊಂಡು ಬಂದವನು ಯಂತ್ರ ನೋಡಿ ನಿಂತುಬಿಟ್ಟ. ಬಗ್ಗಿ ಅಡಿ ನೋಡಿದ. ಹಣೆಯ ಬಿರುಕಿಗೆ ಕಣ್ಣಿಟ್ಟು ಒಳಗೆ ನೋಡಿದ.

"ಸಾರ್, ಇದು ಡಮ್ಮಿ ಅಲ್ಲ."

ದೊಡ್ಡವರು ನಕ್ಕರು. "ನೀನೂ ಶುರುಮಾಡಿದ್ಯಾ? ಗಿಣಿ ನಿನಗಿಂತ ಚೆನ್ನಾಗಿ ಮಾಡಿದ್ರು."

ಅಚ್ಚಣ್ಣ ನಗಲಿಲ್ಲ. ದೊಡ್ಡವರ ನಗು ಸ್ವಲ್ಪ ದೂರ ಒಂಟಿಯಾಗಿ ನಡೆದು ನಿಂತಿತು. ಅಚ್ಚಣ್ಣ ವೈರು ಚುಚ್ಚಿ ಗುಂಡಿ ಒತ್ತಿದ. ಒಳಗೆ ಫ್ಯಾನು ತಿರುಗಿತು. ಬಗ್ಗಿದ ತಗಡಿಗೆ ಅದರ ರೆಕ್ಕೆ ಒಂದೊಂದು ಸುತ್ತಿಗೂ ತಾಗಿ ಟಿಕ್ ಟಿಕ್ ಎನ್ನತೊಡಗಿತು. ಪಕ್ಕದಲ್ಲಿದ್ದ ಮಾನಿಟರಿನ ಪರದೆ ಬೆಳಗಿತು.

"ಏಳು ಏಟು ತಿಂದು ಓಡ್ತಿದೆ," ದೊಡ್ಡವರು ಮೆಲ್ಲಗೆ ಹೇಳಿದರು. ಮೇಜನ್ನು ಒಂದು ಸುತ್ತು ಹಾಕಿದರು. ಅವರ ಕಣ್ಣಿನಲ್ಲಿ ಅಂಗಡಿ ತೆರೆಯುತ್ತಿತ್ತು. "ಇದೇ ಮುಖ. ಹೀಗೇ ತಯಾರಾಗ್ಲಿ. ಒಂದೊಂದಕ್ಕೂ ಇದೇ ಏಳು ಏಟು, ಇದೇ ಜಾಗ, ಇದೇ ಆಳ. ಗಿಣಿ, ನಕ್ಷೆ ಬರೀರಿ."

"ಏಟಿಗಾ ಸಾರ್?"

"ಏಟಿಗೇ."

ಆಮೇಲೆ ದೊಡ್ಡವರು ಅಚ್ಚಣ್ಣನ ಕಡೆ ತಿರುಗಿದರು. ಲಾಭವಾದ ತಪ್ಪಿಗೂ ಯಾರಾದರೂ ಬೇಕು. "ಅದಿರ್ಲಿ, ಇದು ಇಲ್ಲಿಗೆ ಹೇಗೆ ಬಂತು?"

"ಟೇಪ್ ಹಾಕಿದ್ದೆ ಸಾರ್. ನೀಲಿ ಟೇಪು. ನಾನೇ ಹಾಕಿದ್ದೆ. ಈಗ ಎರಡರಲ್ಲೂ ಇಲ್ಲ."

"ಟೇಪ್‌ಗೆ ಕಾಲು ಬಂತಾ?"

ಅಚ್ಚಣ್ಣ ಮುಖ ಮಾಡಿದವನ ಕಡೆ ನೋಡಿದ. ಹನ್ನೆರಡು ವರ್ಷದಿಂದ ಅವನ ಗೆರೆಗಳನ್ನು ಲೋಹಕ್ಕೆ ಇಳಿಸಿದವನಿಗೆ ಅವನ ಕೈಯ ರೋಗ ಗೊತ್ತಿತ್ತು. ಅವನು ಜೇಬಿನೊಳಗೆ ಉಂಡೆಯನ್ನು ಹಿಸುಕಿದ. ಈಗ ಯಾವ ಧ್ವನಿಯೂ ಬರಲಿಲ್ಲ. ಯಾರದೂ.

"ನಾಳೆಯಿಂದ ಪೆಟ್ಟಿಗೆ ವಿಭಾಗಕ್ಕೆ ಹೋಗು," ಎಂದರು ದೊಡ್ಡವರು. "ಅಲ್ಲಿ ಟೇಪ್ ಬೇಕಾದಷ್ಟಿದೆ."

ಮೇಡಂ ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ವಾಲಿಸಿ ಯಂತ್ರವನ್ನು ನೋಡುತ್ತಿದ್ದರು. "ಎಡಗಡೆ ಖಾಲಿ ಅನ್ಸುತ್ತೆ. ಅಲ್ಲಿ ಇನ್ನೊಂದು ಬೇಕು."

"ಹೌದಲ್ಲ. ಗಿಣಿ, ನೀವೇ ಹಾಕಿ. ನಿಮ್ಮ ಮಗು ಅದು."

ಸುತ್ತಿಗೆ ಕೈಗೆ ಬಂತು. ಹಿಡಿ ಇನ್ನೂ ಬೆಚ್ಚಗಿತ್ತು. ಅವನು ಎತ್ತಿದ. ಎತ್ತಿದ ಕೂಡಲೇ ಮೊಣಕೈ ನರ್ಸಿನಂತೆ ಬಾಗಿತು. ಮೇಡಂ ಕಿಸಕ್ಕೆಂದರು. ಇಳಿಸಿ ಮತ್ತೆ ಎತ್ತಿದ. ಹೆಗಲು ವಕೀಲರಂತೆ ನೆಟ್ಟಗಾಯಿತು. ಮೂರನೆಯ ಸಲ ಸಲೂನಿನವನು ಬಂದ. ನಾಲ್ಕನೆಯ ಸಲ ಗೇಮಿನ ಹುಡುಗಿ. ದೊಡ್ಡವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಾನು ಹೊಡೆದರೆ ಹೇಗೆ ಹೊಡೆಯುತ್ತೇನೆ ಎಂದು ಅವನು ಮೈಯೆಲ್ಲ ಹುಡುಕಿದ. ಭುಜದಲ್ಲಿರಲಿಲ್ಲ. ಮಣಿಕಟ್ಟಿನಲ್ಲಿರಲಿಲ್ಲ.

"ಜಾರುತ್ತೆ ಸಾರ್," ಎಂದ. "ಎಡಗಡೆ ಹೊಡೆದ್ರೆ ಮೇಜಿಂದ ಬೀಳುತ್ತೆ. ನಾನು ಆ ಕಡೆಯಿಂದ ಹಿಡ್ಕೋತೀನಿ. ಅಚ್ಚಣ್ಣ ಹೊಡೀಲಿ."

ಅಚ್ಚಣ್ಣ ಸುತ್ತಿಗೆ ಇಸಿದುಕೊಂಡ. ತೂಕ ನೋಡುವವನಂತೆ ಒಮ್ಮೆ ಕೈಯಲ್ಲಿ ಆಡಿಸಿದ.

ಅವನು ಯಂತ್ರದ ಬಲಕ್ಕೆ ಬಂದು ಮಂಡಿ ಮಡಚಿ, ಎರಡೂ ತೋಳಿನಿಂದ ಅದನ್ನು ಬಳಸಿಕೊಂಡ. ಹತ್ತೊಂಬತ್ತು ಕಿಲೋ ಅಲುಗದಂತೆ ಹಿಡಿಯಬೇಕಾದರೆ ಎದೆ ಒತ್ತಬೇಕು. ಎದೆ ಒತ್ತಿದರೆ ತಲೆಗೆ ಜಾಗ ಬೇಕು. ನರ್ಸು ಮೂರು ಏಟು ಹಾಕಿದ್ದ ಕುಳಿಗೆ ಕೆನ್ನೆಯಿಟ್ಟ. ಕೆನ್ನೆ ಸರಿಯಾಗಿ ಕೂತಿತು. ಕಿರುಬೆರಳಿನಷ್ಟೂ ಸಂದಿಲ್ಲ. ಲೋಹ ಬಿಸಿಯಾಗಿತ್ತು. ಬಿರುಕಿನಿಂದ ಬರುತ್ತಿದ್ದ ಗಾಳಿ ಕಿವಿಗೆ ಊದುತ್ತಿತ್ತು.

"ಹಿಡ್ಕೊಂಡ್ರಾ?" ಅಚ್ಚಣ್ಣನ ಧ್ವನಿ ಮೇಲಿನಿಂದ ಬಂತು.

"ಹೂಂ."

"ತಲೆ ತೆಗೀರಿ."

"ತೆಗೆದ್ರೆ ಜಾರುತ್ತೆ."

ಫ್ಯಾನಿನ ರೆಕ್ಕೆ ತಗಡಿಗೆ ತಾಗುತ್ತಲೇ ಇತ್ತು, ಕೆನ್ನೆಯ ಮೂಳೆಯೊಳಗೇ ಬಡಿದ ಹಾಗೆ. ಬೂದು ಲೋಹದ ಮೇಲೆ ಒಂದು ನೆರಳು ಏರಿತು. ಏರಿ, ಮೇಲೆ, ಅಲುಗದೆ ನಿಂತಿತು.

"ಯಾಕೆ ನಿಲ್ಸಿದೆ?" ದೊಡ್ಡವರು ಕೇಳಿದರು. "ಹೊಡಿ."

ಅವನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡ.